ದಿಂಬಿನಂಗಡಿಯ ಕಿಂಡಿ

ದಿಂಬಿನಕ್ಕನ ಅಂಗಡಿಗೆ ಹೋದವರು ಮೊದಲು ಮಲಗಬೇಕಿತ್ತು. ಬಾಗಿಲ ಬಲಕ್ಕೆ ಒಂದು ಮರದ ಬೆಂಚು, ಅದರ ಮೇಲೆ ತೊಳೆದು ತೊಳೆದು ಮೆತ್ತಗಾದ ಒಂದು ಹೊದಿಕೆ. 'ಮನೇಲಿ ಹೇಗೆ ಮಲಗ್ತೀರೋ ಹಾಗೇ ಮಲಗಿ' ಎಂದು ಹೇಳಿ ಅವಳು ಬೆನ್ನು ತಿರುಗಿಸಿ ತನ್ನ ಕೆಲಸಕ್ಕೆ ಕೂರುತ್ತಿದ್ದಳು. ಯಾರಾದರೂ ನೋಡುತ್ತಿದ್ದರೆ ಜನ ತಮ್ಮ ಹಾಗೆ ತಾವು ಮಲಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮೊದಲು ಎಲ್ಲರೂ ಸೆಟೆದುಕೊಂಡು ಅಂಗಾತ ಮಲಗಿ ಸೂರು ನೋಡುತ್ತಾರೆ. ಸ್ವಲ್ಪ ಹೊತ್ತಿಗೆ ನಾಚಿಕೆ ಬಿಟ್ಟು ಒಂದು ಮಗ್ಗುಲಿಗೆ ಹೊರಳಿ, ಮೊಣಕಾಲು ಮಡಿಸಿ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಳ್ಳುತ್ತಾರೆ. ಆಗ ಅವಳು ಎದ್ದು ಬಂದು, ಕಿವಿಗೂ ಭುಜದ ತುದಿಗೂ ನಡುವಿನ ಸಂದನ್ನು ಗೇಣು ಹಾಕಿ ಅಳೆಯುತ್ತಿದ್ದಳು. ಆ ಸಂದು ಎಷ್ಟೋ ದಿಂಬಿನ ದಪ್ಪ ಅಷ್ಟು. ಕೆಲವರು ಅಷ್ಟರಲ್ಲೇ ನಿದ್ದೆ ಹೋಗಿರುತ್ತಿದ್ದರು. ಅವಳು ಅವರನ್ನು ಎಬ್ಬಿಸುತ್ತಿರಲಿಲ್ಲ. ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ಒರಗಿಸಿಟ್ಟು, ದಿಂಬಿನ ಬಾಯಿ ಹೊಲಿಯುವುದೋ ಹತ್ತಿಯಲ್ಲಿ ಉಳಿದ ಬೀಜ ಆರಿಸುವುದೋ, ಸದ್ದಿಲ್ಲದ ಕೆಲಸವನ್ನು ಹುಡುಕಿಕೊಳ್ಳುತ್ತಿದ್ದಳು.

ಪ್ಲೈವುಡ್ ಗೋಡೆಯ ಆಚೆ ಅವಳ ನಾದಿನಿಯ ಹೊಲಿಗೆ ಅಂಗಡಿ. ಮೊದಲು ಒಂದೇ ಆಗಿದ್ದ ಕೋಣೆಯನ್ನು ಎರಡು ಮಾಡಿದ್ದು ದಿಂಬಿನಕ್ಕನ ಗಂಡ, ನಾದಿನಿಯ ಅಣ್ಣ. ಹತ್ತಿಯ ಧೂಳು ಹೊಲಿಗೆಯ ಬಟ್ಟೆಯ ಮೇಲೆ ಕೂರಬಾರದೆಂದು ಗೋಡೆ. ಅತ್ತಿಗೆ ನಾದಿನಿಯರು ಮಾತಿಲ್ಲದೆ ಬದುಕಲಾರರೆಂದು ಗೋಡೆಯಲ್ಲಿ ಒಂದು ಕಿಂಡಿ, ಒಂದು ತಟ್ಟೆ ಹಿಡಿಸುವಷ್ಟು ಅಗಲ. ಅದರಲ್ಲಿ ಕತ್ತರಿ ಹೋಗುತ್ತಿತ್ತು, ಚಹಾದ ಲೋಟ ಬರುತ್ತಿತ್ತು, ಬೀದಿಯ ಸುದ್ದಿ ಎರಡೂ ಕಡೆಗೆ ಓಡಾಡುತ್ತಿತ್ತು.

'ಜೈಲಲ್ಲಿ ಊಟ ಕೊಟ್ಟ ಹಾಗಿದೆ ಅತ್ತಿಗೆ' ಎಂದು ನಾದಿನಿ ನಗುವಳು.

'ಒಳಗಿರೋ ಕೈದಿ ಯಾರು, ನೀನೋ ನಾನೋ?' ಎಂದು ಇವಳು ಕೇಳುವಳು.

ಇವಳು ಮದುವೆಯಾಗಿ ಬಂದಾಗ ನಾದಿನಿಗೆ ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಬಂದಿರಲಿಲ್ಲ. ತಾಯಿಯಿಲ್ಲದ ಹುಡುಗಿ. ರಾತ್ರಿ ಅತ್ತಿಗೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡೇ ಮಲಗುತ್ತಿದ್ದಳು. ಹೊಲಿಗೆ ಕಲಿಸಿದ್ದೂ ಅತ್ತಿಗೆಯೇ, ದಿಂಬಿನ ಚೀಲಗಳ ಮೇಲೆ. ಚೀಲದ ಹೊಲಿಗೆ ಸೊಟ್ಟಗಾದರೆ ಒಳಕ್ಕೆ ತಿರುಗಿಸಿಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಮುಂದೆ ನಾದಿನಿ ರವಿಕೆ, ಲಂಗ, ಶಾಲೆಯ ಸಮವಸ್ತ್ರ ಎಲ್ಲವನ್ನೂ ಹೊಲಿದು ಹೆಸರು ಮಾಡಿದಳು. ಈಗೀಗ ಜನ ಸಿದ್ಧ ಉಡುಪನ್ನೇ ತರುತ್ತಿದ್ದುದರಿಂದ ಅವಳ ಮೆಷಿನ್ನು ಮಧ್ಯಾಹ್ನಗಳಲ್ಲಿ ಸುಮ್ಮನೆ ಕೂತಿರುತ್ತಿತ್ತು. ಆ ಸುಮ್ಮನಿರುವಿಕೆ ಕಿಂಡಿಯಿಂದ ಈಚೆಗೂ ಕೇಳುತ್ತಿತ್ತು.

ತರಬೇತಿಯ ಸುದ್ದಿ ಬಂದದ್ದೂ ಕಿಂಡಿಯಿಂದಲೇ.

'ಅತ್ತಿಗೆ, ಸಣ್ಣ ವ್ಯಾಪಾರ ಮಾಡೋ ಹೆಂಗಸರಿಗೆ ಕ್ಲಾಸು ಮಾಡ್ತಾರಂತೆ. ಲೈಬ್ರರಿ ಮೇಲಿನ ಹಾಲ್‌ನಲ್ಲಿ. ಹೋಗೋಣ?'

'ಈ ವಯಸ್ಸಲ್ಲಿ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸ್ತಾರೆ.'

'ನೀನು ಊರಿನವರನ್ನೆಲ್ಲ ಬೆಂಚಿನ ಮೇಲೆ ಮಲಗಿಸಿಲ್ವಾ? ಒಂದು ಸಲ ನಿಂತ್ಕೋ, ಪರವಾಗಿಲ್ಲ. ಕೇಳು ಇಲ್ಲಿ. ಹೊಸ ಹೆರಿಗೆ ಆಸ್ಪತ್ರೆ ಬರ್ತಿದೆಯಲ್ಲ, ಅದರ ಮೇಟ್ರನ್ನು ಈ ಕ್ಲಾಸಿನ ಹೆಂಗಸರಿಂದಲೇ ಸಾಮಾನು ಮಾಡಿಸ್ತಾರಂತೆ. ದಿಂಬು ನಿನ್ನದು, ಕವರು ನನ್ನದು. ಒಂದೇ ಆರ್ಡರು, ಇಬ್ಬರಿಗೂ ಕೆಲಸ.'

ದಿಂಬಿನಕ್ಕ ಬಿಲ್ಲನ್ನು ಕೆಳಗಿಟ್ಟಳು. ಆ ಆರ್ಡರು ಯಾಕೆ ಬೇಕಿತ್ತೆಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಳೆದ ಚಳಿಗಾಲದಿಂದ ಎದೆಯೊಳಗೆ ಹತ್ತಿಯ ಎಳೆ ಸಿಕ್ಕಿಕೊಂಡಂಥ ಒಂದು ಕೆಮ್ಮು ಸೇರಿಕೊಂಡಿತ್ತು. ಡಾಕ್ಟರು ಅವಳ ಬೆನ್ನಿನ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿ, 'ಕೈಯಲ್ಲಿ ಹತ್ತಿ ಹಿಂಜೋದು ಬಿಡಬೇಕಮ್ಮ. ಇಲ್ಲವೇ ಮುಚ್ಚಿದ ಪೆಟ್ಟಿಗೆಯ ಮೆಷಿನ್ ಹಾಕಿಸ್ಕೊಳ್ಳಿ, ಧೂಳು ಹೊರಗೆ ಬರೋದಿಲ್ಲ' ಎಂದಿದ್ದರು. ಆಸ್ಪತ್ರೆಯ ಆರ್ಡರು ಸಿಕ್ಕರೆ ಮೆಷಿನ್ನು. ಸಿಗದಿದ್ದರೆ ಬಿಲ್ಲನ್ನು ಗೋಡೆಗೆ ತೂಗುಹಾಕಿ ಅಂಗಡಿ ಮುಚ್ಚುವುದು. ಮೂರನೆಯ ದಾರಿ ಇರಲಿಲ್ಲ. ಗಂಡನಿಗೆ ರಾತ್ರಿಯ ಕಾವಲಿನ ಕೆಲಸ. ಅವನು ಹಗಲು ಮಲಗಿದ್ದಾಗ ಕೆಮ್ಮಿದರೆ ಎಚ್ಚರವಾದೀತೆಂದು ಅವಳು ಅಂಗಡಿಗೆ ಬಂದೇ ಕೆಮ್ಮುತ್ತಿದ್ದಳು.

ತರಬೇತಿ ಕೊಡುವ ಮೇಡಂ ದಿಂಬಿನಕ್ಕನಿಗೆ ಮಗಳಾಗುವ ವಯಸ್ಸಿನವಳು. ಬಂದ ಮೊದಲ ದಿನವೇ ಅವಳ ಗಂಟಲು ಕಟ್ಟಿತ್ತು. ಆದರೂ ಬೋರ್ಡಿನ ಮೇಲೆ ಬರೆದು, ಕೈಯಾಡಿಸಿ, ಪಿಸುದನಿಯಲ್ಲಿ ಪಾಠ ಮಾಡಿದಳು. ಮರುದಿನ ಮೊಟ್ಟೆ ಮಾರುವ ಹೆಂಗಸು ಮನೆಯಿಂದ ಬಿಸಿನೀರು ತುಂಬಿದ ಫ್ಲಾಸ್ಕು ತಂದು ಮೇಜಿನ ಮೇಲಿಟ್ಟು ಹೋಗಿ ಕೂತಳು. ಆ ಹಾಲ್‌ನಲ್ಲಿ ಅಂಥದ್ದು ಬಹಳ ನಡೆಯುತ್ತಿತ್ತು. ಕೂಸನ್ನು ಕರೆದುಕೊಂಡು ಬಂದವಳ ಕೂಸು ಒಂದು ಮಡಿಲಿನಿಂದ ಇನ್ನೊಂದಕ್ಕೆ ಹೋಗುತ್ತಾ ಪಾಠ ಮುಗಿಯುವ ಹೊತ್ತಿಗೆ ಹಾಲ್ ಎಲ್ಲ ಸುತ್ತಿ ತಾಯಿಯ ಬಳಿ ಬಂದಿರುತ್ತಿತ್ತು. ದಿಂಬಿನಕ್ಕನಿಗೆ ಪಾಠಕ್ಕಿಂತ ಹೆಚ್ಚಾಗಿ ಇದು ಇಷ್ಟವಾಯಿತು.

ಒಂದು ದಿನ ಮೇಡಂ ಎಲ್ಲರನ್ನೂ ಇಬ್ಬಿಬ್ಬರಾಗಿ ಕೂರಿಸಿದಳು.

'ಇವತ್ತಿನ ಪಾಠ ದೌರ್ಬಲ್ಯ. ನಿಮ್ಮ ವ್ಯಾಪಾರದಲ್ಲಿ ಎಲ್ಲಿ ತೂತಿದೆ ಅನ್ನೋದು ನಿಮಗೆ ಗೊತ್ತು, ಆದರೆ ನೀವು ಯಾರ ಹತ್ತಿರಾನೂ ಹೇಳೋದಿಲ್ಲ. ಹೇಳದೆ ಇದ್ರೆ ಅದು ದೊಡ್ಡದಾಗುತ್ತೆ. ಪಕ್ಕದಲ್ಲಿರೋರಿಗೆ ಹೇಳಿ. ಒಂದನ್ನೂ ಮುಚ್ಚಿಡಬೇಡಿ.'

'ಮೇಡಂ, ನನ್ನ ದೌರ್ಬಲ್ಯ ಮನೇಲಿ ಮಲಗಿದೆ. ಎಬ್ಬಿಸ್ಕೊಂಡು ಬರ್ಲಾ?' ಎಂದಳು ಮೊಟ್ಟೆಯವಳು. ಹಾಲ್ ಎಲ್ಲ ನಕ್ಕಿತು.

'ಗಂಡನ್ನ ಬಿಟ್ಟು ಹೇಳಿ' ಎಂದು ಮೇಡಂ ಕೂಡ ನಕ್ಕಳು.

ಅತ್ತಿಗೆ ನಾದಿನಿ ಕಿಟಕಿಯ ಬಳಿ ಎದುರುಬದುರು ಕೂತರು. ದಿಂಬಿನಕ್ಕ ಕೊಟ್ಟ ಕೆಲಸವನ್ನು ಅರ್ಧಂಬರ್ಧ ಮಾಡುವವಳಲ್ಲ. ಒಂದನ್ನೂ ಮುಚ್ಚಿಡಬೇಡಿ ಎಂದಮೇಲೆ ಮುಚ್ಚಿಡುವುದು ಹೇಗೆ? ಕೆಮ್ಮಿನ ವಿಷಯ ಹೇಳಿದಳು. ಡಾಕ್ಟರು ಹೇಳಿದ್ದನ್ನು ಹೇಳಿದಳು. 'ನಿಮ್ಮಣ್ಣನಿಗೆ ಗೊತ್ತಿಲ್ಲ. ಹೇಳ್ಬೇಡ. ಕೆಲಸ ಬಿಡು ಅಂತಾರೆ.' ನಾದಿನಿಯ ಕಣ್ಣು ತುಂಬಿತು. ಅವಳು ಅತ್ತಿಗೆಯ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ ತನ್ನದನ್ನೂ ಹೇಳಿದಳು.

'ನನಗೆ ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಅತ್ತಿಗೆ. ಮೆಷಿನ್ನಿನ ಸೂಜಿ ಹೇಗೋ ಆಗುತ್ತೆ. ಕೈ ಹೊಲಿಗೆಯ ಸೂಜಿ ಎರಡೆರಡು ಕಾಣುತ್ತೆ. ಕನ್ನಡಕದಲ್ಲೂ ಸರಿಹೋಗಲ್ಲ ಅಂದ್ರು. ಗುಂಡಿ ಹೊಲಿಯೋಕೆ ಮಗಳು ಸ್ಕೂಲಿಂದ ಬರೋ ತನಕ ಕಾಯ್ತೀನಿ. ಜನಕ್ಕೆ ಗೊತ್ತಾದ್ರೆ ಬಟ್ಟೆ ಕೊಡ್ತಾರಾ?'

ಮರುದಿನ ದಿಂಬಿನಕ್ಕ ಉಳಿದ ಹತ್ತಿಯಲ್ಲಿ ಅಂಗೈಯಷ್ಟು ದೊಡ್ಡ ಒಂದು ಪುಟ್ಟ ದಿಂಬು ಮಾಡಿ, ಅದಕ್ಕೆ ಸಾಲಾಗಿ ಸೂಜಿ ಚುಚ್ಚಿ, ಎಲ್ಲಕ್ಕೂ ದಾರ ಪೋಣಿಸಿ ಕಿಂಡಿಯಲ್ಲಿಟ್ಟಳು. ಬಿಳಿ, ಕಪ್ಪು, ನೀಲಿ. ಆಚೆಯಿಂದ ಒಂದು ಕೈ ಬಂದು ಅದನ್ನು ತೆಗೆದುಕೊಂಡಿತು. ಆಮೇಲೆ ಅದೇ ಕೈ ಮತ್ತೆ ಬಂದು ಅವಳ ಬೆರಳುಗಳನ್ನು ಹಿಡಿದು ಅದುಮಿತು. ಅಂದಿನಿಂದ ಅದು ರೂಢಿಯಾಯಿತು. ಸಂಜೆ ದಾರ ಮುಗಿದ ಸೂಜಿಗಳ ದಿಂಬು ಕಿಂಡಿಗೆ ಬರುವುದು, ಬೆಳಿಗ್ಗೆ ಪೋಣಿಸಿದ ಸೂಜಿಗಳು ಆಚೆ ಹೋಗುವುದು.

ಮೇಟ್ರನ್ ಅಂಗಡಿ ನೋಡಲು ಬಂದದ್ದು ಅದಾದ ಕೆಲವು ದಿನಗಳಿಗೆ. ಎತ್ತರದ, ಗಡಸು ಮುಖದ ಹೆಂಗಸು. ಗಡಿಯಾರವನ್ನು ಒಳಮಣಿಕಟ್ಟಿಗೆ ಕಟ್ಟಿಕೊಂಡಿದ್ದಳು. ಬೆಂಚಿನ ಮೇಲೆ ಮಲಗಿ ಎಂದಾಗ, 'ನನಗಲ್ಲಮ್ಮ ದಿಂಬು, ಬಾಣಂತಿಯರಿಗೆ' ಎಂದಳು.

'ಬಾಣಂತಿಯರು ಹೇಗೆ ಮಲಗ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತೋರಿಸಿ.'

ಮೇಟ್ರನ್ ನಕ್ಕಳು. ಚಪ್ಪಲಿ ಬಿಟ್ಟು, ಪಕ್ಕದಲ್ಲಿ ಕೂಸು ಇದ್ದ ಹಾಗೆ ಒಂದು ತೋಳು ಚಾಚಿ ಮಲಗಿದಳು. ಹೀಗೆ ಮಲಗಿದರೆ ಕತ್ತು ಮೇಲಕ್ಕೂ ಭುಜ ಕೆಳಕ್ಕೂ ಬರುತ್ತದೆ, ದಿಂಬು ಒಂದು ಕಡೆ ತೆಳ್ಳಗೆ, ಒಂದು ಕಡೆ ದಪ್ಪಗೆ ಇರಬೇಕು ಎಂದು ಅವರಿಬ್ಬರೂ ಸೇರಿ ಕಂಡುಕೊಂಡರು. ದಿಂಬಿನಕ್ಕ ಒಳಗೆ ಹೋಗಿ ಚೀಲ ತರುವಷ್ಟರಲ್ಲಿ ಮೇಟ್ರನ್ನಿನ ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ. ಹೊರಗೆ ಒಂದು ಮೋಟಾರು ಹಾರ್ನ್ ಹೊಡೆಯುತ್ತಿತ್ತು. ದಿಂಬಿನಕ್ಕ ಹೋಗಿ ಬಾಗಿಲು ಅರ್ಧ ಮುಚ್ಚಿದಳು.

ಎಚ್ಚರವಾದ ಮೇಲೆ ಮೇಟ್ರನ್ ನಾಚಿಕೊಂಡು ಸೀರೆ ಸರಿಮಾಡಿಕೊಂಡಳು. 'ಎಷ್ಟು ತಿಂಗಳಾಯ್ತೋ ಹಗಲು ಮಲಗಿ. ಒಂದು ಮಾದರಿ ಮಾಡಿ ಕಳಿಸಿ. ನನ್ನ ಮನಸ್ಸಿನಲ್ಲಿ ನಿಮ್ಮದೇ ಆಗಿದೆ.' ಕಿಂಡಿಯ ಆಚೆ ಮೆಷಿನ್ನು ನಿಂತಿತ್ತು. ನಾದಿನಿ ಕೇಳಿಸಿಕೊಳ್ಳುತ್ತಿದ್ದಾಳೆಂದು ದಿಂಬಿನಕ್ಕನಿಗೆ ಖುಷಿಯಾಯಿತು.

ಮಾದರಿ ದಿಂಬಿಗೆ ಅವಳು ಇದ್ದುದರಲ್ಲೇ ಉದ್ದ ಎಳೆಯ ಹತ್ತಿಯನ್ನು ಆರಿಸಿದಳು. ಅದನ್ನು ಹಿಂಜುವಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ನಾದಿನಿ ಅದಕ್ಕೊಂದು ಬಿಳಿ ಕವರು ಹೊಲಿದಳು. ಇಬ್ಬರೂ ಸೇರಿ ಅದನ್ನು ಮಡಿಲಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಆಸ್ಪತ್ರೆಗೆ ಹೋದರು. 'ಕೂಸು ಎಷ್ಟು ತಿಂಗಳದ್ದಮ್ಮ?' ಎಂದು ಮುಂದಿನ ಸೀಟಿನ ಮುದುಕ ತಮಾಷೆ ಮಾಡಿದ. ಇಬ್ಬರೂ ದಾರಿಯುದ್ದಕ್ಕೂ ನಕ್ಕರು.

ಆಮೇಲೆ ಆಸ್ಪತ್ರೆಯಿಂದ ಸುದ್ದಿಯಿಲ್ಲ. 'ದೊಡ್ಡ ಕಡೆ ಹಾಗೇ ಅತ್ತಿಗೆ, ನಿಧಾನ' ಎಂದಳು ನಾದಿನಿ. ಅವಳ ಅಂಗಡಿಗೆ ಒಬ್ಬ ಸೂಟಿನ ಗಂಡಸು ಒಂದೆರಡು ಸಲ ಬಂದುಹೋದ. ಫೋಮ್ ಮಾರುವವನು ಎಂದಳು. ಇದ್ದೀತು ಎಂದುಕೊಂಡಳು ದಿಂಬಿನಕ್ಕ.

ತರಬೇತಿಯ ಕೊನೆಯ ದಿನ ಹಾಲ್‌ಗೆ ಕಾಗದದ ಹೂವು ಕಟ್ಟಿದ್ದರು. ಮೇಡಂನ ಗಂಟಲು ಅಂತೂ ಸರಿಹೋಗಿತ್ತು. 'ನಮ್ಮ ಕ್ಲಾಸಿನಲ್ಲಿ ಒಬ್ಬರು ಪಾಠವನ್ನು ನಿಜವಾಗಿ ವ್ಯಾಪಾರದಲ್ಲಿ ಬಳಸಿದ್ದಾರೆ. ಹೆರಿಗೆ ಆಸ್ಪತ್ರೆಯ ದಿಂಬಿನ ಪೂರ್ತಿ ಆರ್ಡರು ಅವರಿಗೆ ಸಿಕ್ಕಿದೆ. ಅವರ ಬಾಯಲ್ಲೇ ಕೇಳೋಣ' ಎಂದು ನಾದಿನಿಯನ್ನು ಕರೆದಳು.

ದಿಂಬಿನಕ್ಕ ಚಪ್ಪಾಳೆ ತಟ್ಟಿದಳು. ಪೂರ್ತಿ ಆರ್ಡರು ಎಂದರೆ ಇಬ್ಬರದೂ ಸೇರಿ ಎಂದೇ ಅವಳ ತಲೆಗೆ ಹೋಯಿತು. ಅಚ್ಚರಿ ಮಾಡಬೇಕೆಂದು ಮುಚ್ಚಿಟ್ಟಿದ್ದಾಳೆ, ಕಳ್ಳಿ!

ನಾದಿನಿ ಬೋರ್ಡಿನ ಮುಂದೆ ನಿಂತಳು. ಈ ಕಡೆ ನೋಡಲಿಲ್ಲ. ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೈ ಹಿಂದೆ ಕಟ್ಟಿಕೊಂಡಳು.

'ಎದುರಿನವರ ದೌರ್ಬಲ್ಯ ತಿಳ್ಕೊಂಡ್ರೆ ಅದೇ ನಮ್ಮ ಅವಕಾಶ ಅಂತ ಆಮೇಲಿನ ಪಾಠದಲ್ಲಿ ಮೇಡಂ ಹೇಳಿದ್ರು. ಕೈಯಲ್ಲಿ ಹತ್ತಿ ಹಿಂಜೋ ಕಡೆ ಧೂಳಿರುತ್ತೆ. ಹಿಂಜೋರಿಗೆ ಎದೆ ಕೆಟ್ಟು ಕೆಮ್ಮು ಇರುತ್ತೆ. ಹಸುಗೂಸು ಇರೋ ಜಾಗಕ್ಕೆ ಅಂಥ ಕೈಯಿಂದ ಬಂದ ದಿಂಬು ಸರಿಯಲ್ಲ ಅಂತ ಮೇಟ್ರನ್ ಅವರಿಗೆ ತಿಳಿಸಿದೆ. ಫೋಮ್ ಕಂಪನಿ ಜೊತೆ ಮಾತಾಡ್ಕೊಂಡೆ. ದಿಂಬು ಅವರದು, ಕವರು ನನ್ನದು, ಆರ್ಡರು ನನ್ನ ಹೆಸರಲ್ಲಿ.'

ಮತ್ತೆ ಚಪ್ಪಾಳೆ. ಮೊಟ್ಟೆಯವಳ ಕೈಗಳು ಗಾಳಿಯಲ್ಲೇ ನಿಂತವು. ಅವಳು ತಿರುಗಿ ದಿಂಬಿನಕ್ಕನ ಕಡೆ ನೋಡಿದಳು. ದಿಂಬಿನಕ್ಕನ ಅಂಗೈಗಳು ಇನ್ನೂ ಒಂದಕ್ಕೊಂದು ತಾಗುತ್ತಲೇ ಇದ್ದವು. ನಿಲ್ಲಿಸಬೇಕೆಂದು ಅವಕ್ಕೆ ತಿಳಿದಿರಲಿಲ್ಲ. ಮೊಟ್ಟೆಯವಳು ಪಕ್ಕಕ್ಕೆ ಸರಿದು ಆ ಕೈಗಳನ್ನು ಹಿಡಿದು ನಿಧಾನವಾಗಿ ಕೆಳಗಿಳಿಸಿದಳು. ಆಗಲೇ ಕೆಮ್ಮು ಬಂತು. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡುವಂಥ ಕೆಮ್ಮು. ಅದನ್ನು ಎಲ್ಲಿ ಬಚ್ಚಿಡಬೇಕೋ ಅವಳಿಗೆ ತೋಚಲಿಲ್ಲ.

ಕೆಳಗಿನ ಮೆಟ್ಟಿಲ ಬಳಿ ನಾದಿನಿ ಅವಳನ್ನು ತಡೆದು ನಿಲ್ಲಿಸಿದಳು.

'ಅತ್ತಿಗೆ, ನಾನು ನಿನ್ನ ಹೆಸರು ಹೇಳಲಿಲ್ಲ.'

'ಹೌದು. ಹೇಳಲಿಲ್ಲ.'

'ಸುಳ್ಳೇನಾದ್ರೂ ಹೇಳಿದ್ನಾ?'

'ಇಲ್ಲ.'

'ಮತ್ಯಾಕೆ ಹೀಗೆ ನೋಡ್ತೀಯ? ನಿನ್ನ ಎದೆ ಕೆಟ್ಟಿದೆ. ಆ ಆರ್ಡರು ಸಿಕ್ಕಿದ್ರೆ ಮೆಷಿನ್ ಬರೋ ತನಕ ಅಷ್ಟೊಂದು ಹತ್ತಿ ಕೈಯಲ್ಲೇ ಹಿಂಜ್ತಿದ್ದೆ. ನಿನ್ನ ಒಳ್ಳೇದಕ್ಕೂ ಆಯ್ತಲ್ಲ. ನನ್ನ ಅಂಗಡೀಲಿ ಕೂತು ಫೋಮಿಗೆ ಕವರು ತೊಡಿಸು. ಧೂಳಿಲ್ಲ.'

ದಿಂಬಿನಕ್ಕ ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡಳು. 'ಅವತ್ತು ನನ್ನ ಕೈ ಮಡಿಲಿಗೆ ಎಳ್ಕೊಂಡೆಯಲ್ಲ. ಆಗಲೇ ಅಂದ್ಕೊಂಡಿದ್ಯಾ, ಇದನ್ನ ಹೀಗೆ ಮಾಡಬಹುದು ಅಂತ?'

'ಛೇ, ಆಗ ಇಲ್ಲ. ದೇವರಾಣೆ ಇಲ್ಲ.' ನಾದಿನಿಯ ದನಿ ಒಡೆಯಿತು. 'ಮೇಟ್ರನ್ ನಿನ್ನ ಬೆಂಚಿನ ಮೇಲೆ ಮಲಗಿ ಎದ್ದು, ನಿಮ್ಮದೇ ಆಗಿದೆ ಅಂದ್ರಲ್ಲ. ನನ್ನ ಅಂಗಡೀಲಿ ಕೂತು ಕೇಳ್ತಿದ್ದೆ. ನನ್ನ ಕಡೆ ತಿರುಗೂ ನೋಡದೆ ಹೋದ್ರು. ಆಗ.' ಮತ್ತೆ ಸೇರಿಸಿದಳು. 'ನನ್ನ ಕಣ್ಣಿನ ವಿಷಯ ನಿನಗೂ ಗೊತ್ತಿತ್ತು. ನೀನೂ ಹೇಳಬಹುದಿತ್ತು. ನಾನು ಬೇಡ ಅಂದಿದ್ನಾ?'

ಹೇಳಬಹುದಿತ್ತು ಎಂಬುದೇ ದಿಂಬಿನಕ್ಕನಿಗೆ ಹೊಳೆದಿರಲಿಲ್ಲ. ನಾದಿನಿಗೆ ಹೊಳೆದಿತ್ತು. ಅಷ್ಟು ದಿನ ಕಿಂಡಿಯಿಂದ ಸೂಜಿ ತೆಗೆದುಕೊಂಡ ಕೈ, ಅತ್ತಿಗೆ ಯಾವಾಗ ಹೇಳಿಬಿಡುತ್ತಾಳೋ ಎಂದು ಲೆಕ್ಕ ಹಾಕುತ್ತಾ ತೆಗೆದುಕೊಂಡಿತ್ತು. ಆರ್ಡರು ಹೋದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

ಸುದ್ದಿ ಮನೆಗೂ ಹೋಯಿತು. ಗಂಡ ಕೆಲಸಕ್ಕೆ ಹೊರಡಲು ಶರ್ಟು ಹಾಕಿಕೊಳ್ಳುತ್ತಿದ್ದವನು ಗುಂಡಿ ಅರ್ಧಕ್ಕೆ ಬಿಟ್ಟು ಕೂತ. 'ನಿನ್ನ ಕೆಮ್ಮು ನನಗೆ ಮೂರನೆಯವರಿಂದ ಗೊತ್ತಾಗಬೇಕಾ?' ಎಂದಷ್ಟೇ ಕೇಳಿದ. ತಂಗಿಯ ಬಗ್ಗೆ ಏನೂ ಹೇಳಲಿಲ್ಲ. ಎದ್ದುಹೋಗಿ ಪಾತ್ರೆಯಲ್ಲಿ ನೀರು ಕಾಯಿಸಿ ತಂದು ಅವಳ ಮುಂದಿಟ್ಟು, ಹಬೆ ತೆಗೆದುಕೊಳ್ಳಲು ಅವಳ ತಲೆಯ ಮೇಲೆ ತನ್ನ ಟವೆಲು ಹೊದಿಸಿದ. ಟವೆಲಿನ ಕೆಳಗೆ ಅತ್ತರೆ ಯಾರಿಗೂ ಕಾಣುವುದಿಲ್ಲ.

ಒಂದು ವಾರದ ಮೇಲೆ ಮೇಟ್ರನ್ ತಾನೇ ಬಂದಳು. ಮಾದರಿ ದಿಂಬನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು.

'ಆಳಿನ ಕೈಲಿ ಕಳಿಸೋಕೆ ಮನಸ್ಸಾಗಲಿಲ್ಲ. ಕೂಸುಗಳ ವಿಷಯ ನೋಡಿ, ನಾನು ಎರಡು ಸಲ ಯೋಚಿಸ್ಬೇಕಾಯ್ತು.' ಬೆಂಚಿನ ಅಂಚಿನಲ್ಲಿ ಕೂತು ದನಿ ತಗ್ಗಿಸಿದಳು. 'ಇನ್ನೊಂದು ಮಾತು. ನಿಮ್ಮ ನಾದಿನಿ ಆಸ್ಪತ್ರೆಗೆ ಬಂದಾಗ ಬಟ್ಟೆಯನ್ನ ಮೂಗಿನ ಹತ್ತಿರ ಹಿಡಿದು ನೋಡ್ತಿದ್ರು. ಪ್ರತಿ ಕವರಿಗೂ ಕೈಯಲ್ಲೇ ದಾರದ ಕಟ್ಟು ಹೊಲೀಬೇಕು. ಅವರ ಕಣ್ಣು ಸರಿಯಾಗಿದೆಯಾ? ಇನ್ನೂ ಸಹಿ ಆಗಿಲ್ಲ. ನೀವು ಮನೆಯವರು, ಹೇಳಿ.'

ಕಿಂಡಿಯ ಆಚೆ ಮೆಷಿನ್ನು ನಿಂತಿತು.

ಒಂದು ಮಾತು ಸಾಕಿತ್ತು. ಆ ಮಾತು ದಿಂಬಿನಕ್ಕನ ನಾಲಿಗೆಯ ತುದಿಗೆ ಬಂದು ಕೂತಿತು. ಅದು ನಿಜವೂ ಆಗಿತ್ತು. ಯಾರ ಹೆಸರೂ ಹೇಳದೆ ಹೇಳಬಹುದಿತ್ತು. ಅವಳು ಮಾದರಿ ದಿಂಬಿನ ಕವರಿನ ಅಂಚನ್ನು ಬೆರಳಿನಿಂದ ಸವರಿದಳು. ಹಲ್ಲು ಬಿದ್ದ ಹುಡುಗಿಗೆ ಕಲಿಸಿಕೊಟ್ಟ ಹೊಲಿಗೆಯೇ ಅದು, ಈಗ ಒಂದು ಕಡೆಯೂ ಸೊಟ್ಟವಿರಲಿಲ್ಲ.

'ಅವಳ ಹೊಲಿಗೆ ನೋಡಿ. ಕಣ್ಣಿನ ವಿಷಯ ಅವಳನ್ನೇ ಕೇಳಿ.'

ಮೇಟ್ರನ್ ಅವಳ ಮುಖವನ್ನೇ ನೋಡಿದಳು. 'ನಿಮ್ಮ ಕೆಮ್ಮಿನ ಬಗ್ಗೆ ಅವರು ಹೀಗೆ, ನಿಮ್ಮನ್ನೇ ಕೇಳಿ ಅನ್ನಲಿಲ್ಲ' ಎಂದು ಎದ್ದಳು. ಬಾಗಿಲಿನಿಂದ ಆಚೆ ಹೋದವಳು ಗಾಳಿಗೆ ಹತ್ತಿ ಹಾರುತ್ತಿದ್ದುದನ್ನು ಕಂಡು, ಹಿಂದಕ್ಕೆ ಬಂದು ಬಾಗಿಲನ್ನು ಅರ್ಧ ಮುಚ್ಚಿಹೋದಳು.

ಅವಳು ಆಚೆಯ ಅಂಗಡಿಗೆ ಹೋದಳೋ ಇಲ್ಲವೋ, ಸಹಿ ಆಯಿತೋ ಇಲ್ಲವೋ, ದಿಂಬಿನಕ್ಕ ತಿಳಿದುಕೊಳ್ಳಲು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಆಚೆ ಬೆಳ್ಳನೆಯ ಬಟ್ಟೆಯ ಸುರುಳಿಗಳು ಬಂದು ಇಳಿದವು. ಆಗ ತಾನಾಗಿಯೇ ತಿಳಿಯಿತು.

ಸೂಜಿಯ ಪುಟ್ಟ ದಿಂಬು ಕಿಂಡಿಯಲ್ಲೇ ಇತ್ತು. ಕ್ಲಾಸಿನ ಕೊನೆಯ ದಿನದಿಂದ ಅದು ಅಲ್ಲೇ ಇತ್ತು, ಸೂಜಿಗಳೆಲ್ಲ ಬರಿದಾಗಿ. ಆಚೆಯಿಂದ ಕೈ ಬಂತು. ಒಂದು ಸೂಜಿ ತೆಗೆದುಕೊಂಡು ಹೋಯಿತು. ದಾರವನ್ನು ಬಾಯಲ್ಲಿ ತೇವ ಮಾಡಿಕೊಳ್ಳುವ ಸದ್ದು. ಮತ್ತೆ ಅದೇ ಸದ್ದು. ಬೆಳಕಿಗೆ ಹಿಡಿಯಲು ಕುರ್ಚಿಯನ್ನು ಬಾಗಿಲ ಕಡೆ ಎಳೆದದ್ದು ಕೇಳಿಸಿತು. ದಿಂಬಿನಕ್ಕನ ಬಲಗೈ ತಾನಾಗಿಯೇ ಮಡಿಲಿನಿಂದ ಎದ್ದಿತು. ಅವಳು ಅದನ್ನು ನೋಡಿದಳು, ಬೇರೆಯವರ ಕೈಯನ್ನು ನೋಡಿದ ಹಾಗೆ. ಅದು ಮತ್ತೆ ಮಡಿಲಿಗೆ ಇಳಿಯಿತು.

'ಅತ್ತಿಗೆ' ಎಂದಿತು ಕಿಂಡಿ. 'ನಿನ್ನೆ ನೀನು ಹೇಳಿದ್ದು ಕೇಳಿಸ್ತು. ನೀನು ನನ್ನನ್ನ ಬಿಟ್ಟುಕೊಡಲಿಲ್ಲ.'

ಇವಳು ಹತ್ತಿಯಿಂದ ಒಂದು ಬೀಜ ಆರಿಸಿ ಪಕ್ಕಕ್ಕಿಟ್ಟಳು.

'ಒಂದೆರಡು ಸೂಜಿಗೆ ದಾರ ಹಾಕಿಕೊಡ್ತೀಯಾ? ಮಗಳು ಬರೋದು ಸಾಯಂಕಾಲ.'

ದಿಂಬಿನಕ್ಕ ಎದ್ದಳು. ಬರಿದಾದ ಸೂಜಿಗಳ ಪುಟ್ಟ ದಿಂಬನ್ನು ಎತ್ತಿ ಆಚೆಗೆ, ನಾದಿನಿಯ ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. ಆಮೇಲೆ ಆಸ್ಪತ್ರೆಯ ಮಾದರಿ ದಿಂಬನ್ನು ತೆಗೆದುಕೊಂಡು, ತೆಳ್ಳಗಿನ ಕಡೆಯಿಂದ ಶುರುಮಾಡಿ, ಕಿಂಡಿಯೊಳಕ್ಕೆ ತುರುಕತೊಡಗಿದಳು.

'ಏನ್ ಮಾಡ್ತಿದ್ದೀಯ ಅತ್ತಿಗೆ?'

'ಆ ಕಡೆ ಕೂಸುಗಳ ಬಟ್ಟೆ ಇದೆ. ಈ ಕಡೆ ಧೂಳು.'

ದಪ್ಪಗಿನ ಕಡೆಯನ್ನು ಎರಡೂ ಅಂಗೈಯಿಂದ ಒತ್ತಿ ಕೂರಿಸಿದಳು. ನಾದಿನಿ ಇನ್ನೂ ಏನೋ ಹೇಳುತ್ತಿದ್ದಳು, ಬಹುಶಃ ಅಳುತ್ತಲೂ ಇದ್ದಳು. ಆದರೆ ಅದು ಒಳ್ಳೆಯ ಹತ್ತಿ, ಚೆನ್ನಾಗಿ ಹಿಂಜಿದ್ದು, ಎಲ್ಲೂ ಸಡಿಲ ಬಿಡದೆ ತುಂಬಿದ್ದು. ಈಚೆಗೆ ಒಂದು ಮಾತೂ ಬರಲಿಲ್ಲ. ದಿಂಬಿನಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಇನ್ನೆಷ್ಟು ದಿನ ಹಿಡಿಯಬಹುದೋ ತಿಳಿಯದ ಬಿಲ್ಲನ್ನು ಕೈಗೆತ್ತಿಕೊಂಡಳು.